ದೊಡ್ಡ ಚಕ್ರ, ಏರಿನ ಕಲ್ಲು

ನಮ್ಮ ಜೀಪಿನ ಆಕ್ಸಲ್ ಮುರಿದದ್ದು ಅದನ್ನು ಹೆಂಗಸು ಓಡಿಸಿದ್ದರಿಂದ ಎಂದು ನಂಬಿರುವವರು ನಮ್ಮೂರಿನಲ್ಲಿ ಈಗಲೂ ಇಬ್ಬರೋ ಮೂವರೋ ಇದ್ದಾರೆ. ನಂಬಿಕೊಂಡಿರಲಿ. ಅವರಲ್ಲಿ ಒಬ್ಬರನ್ನು ಹೋದ ಮಳೆಗಾಲದಲ್ಲಿ ಜ್ವರ ಬಂದಾಗ ಆಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅಷ್ಟು ಜ್ವರದಲ್ಲೂ ದಾರಿಯುದ್ದಕ್ಕೂ ನನ್ನ ಎಡಗಾಲನ್ನೇ ನೋಡುತ್ತಾ ಕೂತಿದ್ದರು. ನೋಡಲಿ, ಕಾಲಿಗೇನು ದೃಷ್ಟಿ ತಾಗುವುದಿಲ್ಲ ಎಂದು ನಾನೂ ಸುಮ್ಮನಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಕೆ. ಹೊಸಕೋಟೆ ಕಡೆಯ ಒಂದು ಸಣ್ಣ ಊರು ನಮ್ಮದು. ಮನೆಯ ಹತ್ತಿರ ಎರಡು ಎಕರೆ, ಗುಡ್ಡದ ಮೇಲೆ ನಾಲ್ಕು ಎಕರೆ ಕಾಫಿ. ಮೇಲಿನ ತೋಟಕ್ಕೆ ಹೋಗಲು ಒಂದೇ ದಾರಿ, ಮಣ್ಣಿನದು, ಕಡಿದಾದ ಏರು. ಆ ಏರಿಗೆಂದೇ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಒಂದು ಹಳೆಯ ಡೀಸೆಲ್ ಜೀಪ್ ತಂದಿದ್ದರು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲ, ಹಿಂದಿನ ಎರಡಕ್ಕೆ ಮಾತ್ರ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಹಣ್ಣು ಕೊಯ್ಯುವ ಹೆಂಗಸರನ್ನು ಮೇಲಕ್ಕೆ ಒಯ್ಯುವುದು, ಸಂಜೆ ಅವರನ್ನೂ ಹಣ್ಣಿನ ಮೂಟೆಗಳನ್ನೂ ಕೆಳಕ್ಕೆ ತರುವುದು ಅದರ ಕೆಲಸ. ಅಪ್ಪನ ಕೆಲಸ ಎಂದರೂ ಸರಿ, ಏಕೆಂದರೆ ಚಿಕ್ಕಪ್ಪನಿಗೆ ಜೀಪಿನ ಮೇಲೆ ಪಾಲೂ ಇತ್ತು, ಅಭಿಪ್ರಾಯಗಳೂ ಇದ್ದವು, ಓಡಿಸುವ ಅಭ್ಯಾಸ ಮಾತ್ರ ಅಷ್ಟಕ್ಕಷ್ಟೇ.

ಅಪ್ಪನ ಎರಡು ಕಣ್ಣಿಗೂ ಪೊರೆ ಬಂತು. ಒಂದನ್ನು ಆಪರೇಷನ್ ಮಾಡಿಸಿದರೂ ಮೊದಲಿನ ಹಾಗೆ ಆಗಲಿಲ್ಲ. ಹಾಸನದಲ್ಲಿ ಬಿ.ಎ. ಮುಗಿಸಿ ಬಂದು ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಒಂದು ದಿನ ಕಣಕ್ಕೆ ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಇನ್ನೂ ಕಾಫಿ ಹರವಿರಲಿಲ್ಲ, ಸಗಣಿ ಬಳಿದ ಕಣ ಖಾಲಿ ಇತ್ತು. ಪಕ್ಕದಲ್ಲಿ ಕೂತ ಅಪ್ಪ ಕಣ್ಣು ಮುಚ್ಚಿಕೊಂಡುಬಿಟ್ಟರು.

"ಎಂಗಿದ್ರೂ ಕಾಣಲ್ಲ, ಬುಡು," ಅಂದರು. "ಎಂಜಿನ್ ಏನಂತೈತೆ ಅಂತ ಕಿವೀಲಿ ಕೇಳು. ಕ್ಲಚ್ ಏನಂತೈತೆ ಅಂತ ಕಾಲಲ್ಲಿ ಕೇಳು. ಕಣ್ಣು ದಾರಿಗೆ ಮಾತ್ರ."

ಹದಿನೈದು ದಿನ ಕಣದಲ್ಲಿ ಗಾಣದೆತ್ತಿನ ಹಾಗೆ ಸುತ್ತಿದೆ. ಅಪ್ಪ ಕಣ್ಣು ಮುಚ್ಚಿಯೇ "ಈಗ ಎರಡಕ್ಕೆ ಹಾಕು", "ಕಾಲು ಎತ್ತು, ಉಜ್ಜತಾ ಐತೆ" ಎಂದು ಹೇಳುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಲೈಸೆನ್ಸೂ ಆಯಿತು. ಅವ್ವ "ಗಂಡಿನ ಕಡೆಯವರು ಬಂದಾಗ ಇದನ್ನ ಹೇಳ್ಬೇಡ" ಅಂದಳು. ನಾನು ಬಂದವರಿಗೆಲ್ಲ ಮೊದಲು ಇದನ್ನೇ ಹೇಳಿದೆ. ಆ ಸ್ಟೀಯರಿಂಗ್ ಹಿಡಿದ ಮೇಲೆ ನನಗೆ ಗೊತ್ತಾಗಿತ್ತು, ಇಷ್ಟು ದಿನ ಈ ಊರಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಿಯೇ ಹೋಗುತ್ತಿದ್ದೆ. ಈಗ ಊರೇ ಬಂದು ನನ್ನನ್ನು ಕೇಳುತ್ತಿತ್ತು. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಸುತರಾಂ ಇರಲಿಲ್ಲ.

ಆ ಏರಿನ ವಿಷಯ ಹೇಳಬೇಕು. ಅದರ ನಟ್ಟನಡುವೆ ದನ ನುಗ್ಗದ ಹಾಗೆ ಒಂದು ಉಣುಗೋಲು ಇತ್ತು. ಎರಡು ಕಂಬದ ನಡುವೆ ಅಡ್ಡ ಗಳು ತೂರಿಸಿದ ಬೇಲಿಬಾಗಿಲು ಅದು. ಗಳು ಸರಿಸುವವರೆಗೆ ಜೀಪ್ ನಿಲ್ಲಲೇಬೇಕು. ಆ ಕಡಿದಾದ ಜಾಗದಲ್ಲಿ ತುಂಬಿದ ಜೀಪನ್ನು ನಿಲ್ಲಿಸಿ ಮತ್ತೆ ಹೊರಡಿಸುವುದೇ ಪರೀಕ್ಷೆ. ಹ್ಯಾಂಡ್ ಬ್ರೇಕ್ ಎನ್ನುವುದು ನಮ್ಮ ಕಡೆಯ ಜೀಪುಗಳಲ್ಲಿ ಆಗ ಶೋಕಿಗೆ ಇರುತ್ತಿತ್ತು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲೇಟರಿಗೆ ಇಡುವಷ್ಟರಲ್ಲಿ ಗಾಡಿ ಹಿಂದಕ್ಕೆ ಹೊರಟಿರುತ್ತದೆ. ಅದಕ್ಕೇ ನಮ್ಮಲ್ಲಿ ಕಲ್ಲು ಕೊಡುವ ಪದ್ಧತಿ. ಹಿಂದೆ ಕೂತವರಲ್ಲಿ ಒಬ್ಬರು ಹಾರಿ ಇಳಿದು, ದಾರಿ ಬದಿಯಲ್ಲಿ ಅದಕ್ಕೆಂದೇ ಇಟ್ಟಿರುವ ಕಲ್ಲನ್ನು ಹಿಂಚಕ್ರದ ಕೆಳಗೆ ಒತ್ತರಿಸಿ ಇಡುತ್ತಾರೆ. ಆಗ ಡ್ರೈವರು ನೆಮ್ಮದಿಯಿಂದ ಬ್ರೇಕ್ ಬಿಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಹೊರಡಬಹುದು. ಒಮ್ಮೆ ಹೊರಟ ಜೀಪು ಏರು ಮುಗಿಯುವವರೆಗೂ ಮತ್ತೆ ನಿಲ್ಲುವುದಿಲ್ಲ. ಕಲ್ಲು ಕೊಟ್ಟವರು ಉಳಿದ ದಾರಿಯನ್ನು ನಡೆದೇ ಹತ್ತಬೇಕು. ಅದೂ ಪದ್ಧತಿಯೇ.

ಕಲ್ಲು ಕೇಳುವುದು ಗಂಡಸರಿಗೆ ಅವಮಾನ. "ಕಲ್ಲು ಕೇಳದ ಡ್ರೈವರ್" ಎಂದರೆ ಸುತ್ತಲ ಹತ್ತು ಹಳ್ಳಿಯಲ್ಲಿ ದೊಡ್ಡ ಬಿರುದು. ಅವರು ಎಂಜಿನ್ನನ್ನು ಗುಡ್ಡ ನಡುಗುವಂತೆ ಕೂಗಿಸಿ, ಕ್ಲಚ್ಚಿನಿಂದ ಕಾಲನ್ನು ತಟ್ಟನೆ ಎತ್ತಿಬಿಡುತ್ತಿದ್ದರು. ಜೀಪು ಕುಪ್ಪಳಿಸಿ ಹೊರಡುತ್ತಿತ್ತು, ನೋಡುವವರು ಭೇಷ್ ಅನ್ನುತ್ತಿದ್ದರು. ಮೂರು ತಿಂಗಳಿಗೊಮ್ಮೆ ಅದೇ ಜೀಪು ಆಲೂರಿನ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. ಆಗ ಯಾರೂ ಭೇಷ್ ಅನ್ನಲು ಅಲ್ಲಿರುತ್ತಿರಲಿಲ್ಲ. ಅಪ್ಪ ಮಾತ್ರ ಇಪ್ಪತ್ತು ವರ್ಷ ನಾಚಿಕೆಯಿಲ್ಲದೆ ಕಲ್ಲು ಕೇಳಿದವರು. "ಕಲ್ಲು ಕೇಳಿದ್ರೆ ಮಾನ ಹೋಗಕ್ಕಿಲ್ಲ, ಕೇಳದಿದ್ರೆ ಕ್ಲಚ್ ಪ್ಲೇಟ್ ಹೋಯ್ತದೆ" ಎನ್ನುತ್ತಿದ್ದರು. ನಾನೂ ಕೇಳುತ್ತಿದ್ದೆ, ಜೋರಾಗಿಯೇ ಕೇಳುತ್ತಿದ್ದೆ. ನಮಗೆ ಕಲ್ಲು ಕೊಡುತ್ತಿದ್ದವಳು ಕೊಯ್ಲಿನ ಹೆಂಗಸರಲ್ಲೇ ಹಿರಿಯಳಾದ ಒಬ್ಬಳು ಅಕ್ಕ. ಐವತ್ತು ದಾಟಿದ್ದರೂ ಜೀಪು ಪೂರ್ತಿ ನಿಲ್ಲುವ ಮೊದಲೇ ಸೆರಗು ಸಿಕ್ಕಿಸಿ ಕೆಳಗಿರುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಕೆಸರುಗದ್ದೆಯಲ್ಲಿ ಜೀಪುಗಳನ್ನು ಓಡಿಸುವ ಪಂದ್ಯ ನಡೆಯಿತು. ಚಿಕ್ಕಪ್ಪ ನೋಡಲು ಹೋದರು. ದೊಡ್ಡ ಎಸ್ಟೇಟಿನವರ ಜೀಪುಗಳು, ಎದೆಮಟ್ಟದ ಚಕ್ರಗಳು, ಹಾರುವ ಕೆಸರು. ಬರುವಾಗ ಚಿಕ್ಕಪ್ಪನ ಬಿಳಿ ಅಂಗಿಯ ಮೇಲೂ ಆ ಕೆಸರು ಇತ್ತು, ತಲೆಯೊಳಗೂ ಇತ್ತು. ಎಂಟು ದಿನ ಬೇರೆ ಮಾತಿಲ್ಲ. ಕೊಯ್ಲು ಶುರುವಾಗುವ ಮೊದಲು ಒಂದು ಬೆಳಿಗ್ಗೆ ಜೀಪನ್ನು ಆಲೂರಿಗೆ ಒಯ್ದವರು ಸಂಜೆ ಬಂದಾಗ, ಅದು ನಮ್ಮ ಜೀಪು ಎಂದು ನಾಯಿಗೂ ಗುರುತಾಗದೆ ಬೊಗಳಿತು.

ಹಳೆಯ ಆರು-ಹದಿನಾರರ ಚಕ್ರಗಳ ಜಾಗದಲ್ಲಿ ಏಳೂವರೆ-ಹದಿನಾರು ಕೂತಿದ್ದವು. ಗೇಣಗಲ, ಒಂದೊಂದು ಹಲ್ಲೂ ಬೆಲ್ಲದಚ್ಚಿನಷ್ಟು ದಪ್ಪ. ತಗುಲುತ್ತದೆಂದು ಮಡ್‌ಗಾರ್ಡಿನ ಅಂಚನ್ನು ಕತ್ತರಿಸಿದ್ದರು. ಹಳೆಯ ನಾಲ್ಕು ಚಕ್ರ ಕಾಫಿ ಸ್ಟೋರಿನ ಮೂಲೆ ಸೇರಿದವು. ಹಿಂದೆ ನೇತುಹಾಕುವ ಸ್ಟೆಪ್ನಿ ಮಾತ್ರ ಹಳೆಯದೇ ಉಳಿಯಿತು. ದೊಡ್ಡವರ ಮನೆಯ ಮದುವೆಗೆ ಬಂದ ಬಡ ನೆಂಟನಂತೆ ನೇತಾಡುತ್ತಿತ್ತು. ಸುಳ್ಳು ಹೇಳುವುದಿಲ್ಲ, ಮೊದಲ ದಿನ ನನಗೂ ಖುಷಿಯಾಯಿತು. ಸೀಟು ಎತ್ತರವಾಗಿ ಬೇಲಿಯಾಚೆಯ ಗದ್ದೆಯೆಲ್ಲ ಕಾಣುತ್ತಿತ್ತು.

ಖುಷಿ ಉಣುಗೋಲಿನವರೆಗೆ ಇತ್ತು. ಅಕ್ಕ ಕಲ್ಲು ಕೊಟ್ಟಳು, ನಾನು ಎಂದಿನಂತೆ ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಜೀಪು ಹೊರಡಲೇ ಇಲ್ಲ, ಎಂಜಿನ್ ಗೊರಗೊರ ಅಂದು ಆರಿಹೋಯಿತು. ಇನ್ನೊಂದು ಸಲ, ಹೆಚ್ಚು ಆಕ್ಸಿಲೇಟರ್ ಕೊಟ್ಟು, ಕ್ಲಚ್ಚನ್ನು ಅರ್ಧದಲ್ಲೇ ಹಿಡಿದು ಉಜ್ಜುತ್ತಾ ಉಜ್ಜುತ್ತಾ ಎಬ್ಬಿಸಿದೆ. ಹೊರಟಿತು, ಜೊತೆಗೆ ಸುಟ್ಟ ವಾಸನೆ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅದೇ ಏರು, ಅದೇ ಹೊರೆ, ಅದೇ ಕಾಲು. ಬದಲಾದದ್ದು ಒಂದೇ.

ತಿಂಗಳೊಳಗೆ ಕ್ಲಚ್ ಪ್ಲೇಟ್ ಸುಟ್ಟುಹೋಯಿತು. ಹೊಸದು ಹಾಕಿಸಿದ ಮೂರನೇ ವಾರಕ್ಕೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕಂಬಿಯ ಕೀಲು ಕಟಕಟ ಎನ್ನತೊಡಗಿತು. ಅದನ್ನೂ ಬದಲಿಸಿದ್ದಾಯಿತು. ಆಲೂರಿನ ಗ್ಯಾರೇಜಿನ ಮೆಕ್ಯಾನಿಕ್ಕು ಸವೆದ ಪ್ಲೇಟನ್ನು ಎತ್ತಿ ಹಿಡಿದು, ಚಿಕ್ಕಪ್ಪನ ಕಡೆ ನೋಡಿ, "ಲೇಡೀಸ್ ಕಾಲು ಸಾರ್, ಯಾವಾಗ್ಲೂ ಕ್ಲಚ್ ಮೇಲೇ ಇರ್ತದೆ" ಅಂದ. ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಇನ್ನೊಂದು ವಿಚಿತ್ರವನ್ನೂ ನಾನು ಗಮನಿಸಿದ್ದೆ. ನಮ್ಮ ಗೇಟಿನಿಂದ ಆಲೂರು ಬಸ್ ಸ್ಟ್ಯಾಂಡಿಗೆ ಜೀಪಿನ ಮೀಟರು ಯಾವಾಗಲೂ ಹದಿನೆಂಟು ಕಿಲೋಮೀಟರ್ ತೋರಿಸುತ್ತಿತ್ತು. ದೊಡ್ಡ ಚಕ್ರ ಬಂದ ಮೇಲೆ ಹದಿನಾರು ತೋರಿಸತೊಡಗಿತು. ಆಲೂರೇನು ನಮ್ಮ ಕಡೆಗೆ ಎರಡು ಕಿಲೋಮೀಟರ್ ನಡೆದು ಬಂದಿರಲಿಲ್ಲ. ಮೀಟರು ಲೆಕ್ಕ ಹಾಕುವುದು ಚಕ್ರದ ಸುತ್ತುಗಳನ್ನು. ಅಂದರೆ ಈ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತಿದೆ, ಎಂಜಿನ್ ಮಾತ್ರ ಅದೇ ಹಳೆಯದು. ಮೂಟೆ ಹೊತ್ತವನು ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಾನೆ, ಎರಡೆರಡು ಹಾರು ಎಂದರೆ ಮಂಡಿ ಹೋಗುತ್ತದೆ. ನಮ್ಮ ಜೀಪಿಗೆ ಚಿಕ್ಕಪ್ಪ ಎರಡೆರಡು ಹಾರು ಎಂದಿದ್ದರು. ಇದು ನನಗೆ ಹೊಳೆದಾಗ ಸಂತೋಷಕ್ಕೆ ಸ್ಟೀಯರಿಂಗ್ ಮೇಲೆ ಗುದ್ದಿದೆ.

ಓಡಿಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಅವರು ಎಲೆಯಡಿಕೆ ಹಾಕುತ್ತಿದ್ದರು.

"ಟೈರ್ ದಪ್ಪ ಆದ್ರೆ ಗಾಡಿಗೆ ಶಕ್ತಿ ಜಾಸ್ತಿ ಆಯ್ತದೋ ಕಮ್ಮಿ ಆಯ್ತದೋ?" ಅಂದರು.

"ಕಮ್ಮಿ ಆಯ್ತದೆ ಚಿಕ್ಕಪ್ಪ. ಏರಿನಲ್ಲಂತೂ ಕಮ್ಮಿಯೇ."

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದು ಚಿಕ್ಕಪ್ಪ ನಕ್ಕರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿ ಆರುವ ಮೊದಲೇ ಆ ದಿನ ಬಂತು. ಡಿಸೆಂಬರಿನ ಬೆಳಿಗ್ಗೆ, ಇಬ್ಬನಿಗೆ ದಾರಿ ಇನ್ನೂ ಒದ್ದೆ. ಹಿಂದೆ ಹನ್ನೊಂದು ಜನ ಹೆಂಗಸರು, ಮುಂದೆ ನನ್ನ ಪಕ್ಕ ಅಪ್ಪ. ಉಣುಗೋಲಿನ ಹತ್ತಿರ ಚಿಕ್ಕಪ್ಪ ನಿಂತಿದ್ದರು, ಜೊತೆಯಲ್ಲಿ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಹೊಸ ಚಕ್ರ ಏರು ಹತ್ತುವುದನ್ನು ತೋರಿಸಲು ಕರೆತಂದಿದ್ದರು. ನಾನು ನಿಲ್ಲಿಸಿ, ಕಲ್ಲು ಕೇಳಲು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ರೈಟರಿಗೆ ಹೇಳಿದರು:

"ನೋಡ್ತಾ ಇರಿ ಮಾರಾಯ್ರೆ, ಇಂಥಾ ಟೈರ್ ಇಟ್ಕಂಡೂ ಈಗ ಕಲ್ಲು ಕೇಳ್ತಾಳೆ."

ನಾನು ಕೇಳಲಿಲ್ಲ. ಬಾಯಿ ಮುಚ್ಚಿದೆ. ಬಲಗಾಲನ್ನು ಬ್ರೇಕಿನಿಂದ ಆಕ್ಸಿಲೇಟರಿಗೆ ಹಾರಿಸಿ ಎಂಜಿನ್ನನ್ನು ಆ ಗಂಡಸರು ಕೂಗಿಸುವ ಹಾಗೆಯೇ ಕೂಗಿಸಿದೆ, ಕ್ಲಚ್ಚಿನಿಂದ ಎಡಗಾಲನ್ನು ತಟ್ಟನೆ ಎತ್ತಿಬಿಟ್ಟೆ. ಹಿಂದುಗಡೆ ಕೆಳಗಿನಿಂದ ಮರದ ಕೊಂಬೆ ಸಿಗಿದಂಥ ಶಬ್ದ ಬಂತು. ಎಂಜಿನ್ ಕೂಗುತ್ತಲೇ ಇತ್ತು, ಚಕ್ರಕ್ಕೆ ಮಾತ್ರ ಅದರ ಸುದ್ದಿಯೇ ಇಲ್ಲ. ಜೀಪು ಹಿಂದಕ್ಕೆ ಜಾರಿತು. ಬ್ರೇಕ್ ತುಳಿದೆ. ಒಮ್ಮೆ ಉರುಳತೊಡಗಿದ ಆ ಹೊರೆಯನ್ನು ಬ್ರೇಕು ಪೂರ್ತಿ ಹಿಡಿಯಲಿಲ್ಲ. ಹೆಂಗಸರು ಕಿರುಚಿದರು. ಕೆಳಗೆ ತಿರುವು, ತಿರುವಿನಾಚೆ ಹಳ್ಳ.

ಅಷ್ಟರಲ್ಲಿ ಧಡ್ ಎಂದು ನಿಂತಿತು. ನಾನು ಕೇಳದಿದ್ದರೂ ಅಕ್ಕ ಇಳಿದಿದ್ದಳು. ಕೇಳದ ಕಲ್ಲನ್ನು ಕೊಟ್ಟಿದ್ದಳು. ಕಲ್ಲಿಗೂ ಚಕ್ರಕ್ಕೂ ನಡುವೆ ಬೆರಳು ಸಿಕ್ಕಿ ಅವಳ ಉಗುರು ಕಿತ್ತುಹೋಗಿತ್ತು. ದಾರಿ ಬದಿಯ ಯಾವುದೋ ಸೊಪ್ಪನ್ನು ಹಿಂಡಿ ಹಚ್ಚಿಕೊಳ್ಳುತ್ತಾ, "ಏನೂ ಆಗಿಲ್ಲ ಬುಡವ್ವ" ಅಂದಳು.

ಹಿಂಚಕ್ರ ತಿರುಗಿಸುವ ಆಕ್ಸಲ್ ಎರಡು ತುಂಡಾಗಿತ್ತು. ಚಿಕ್ಕಪ್ಪ ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡರು.

"ಹೆಂಗಸ್ರ ಕೈಗೆ ಗಾಡಿ ಕೊಡ್ಬ್ಯಾಡ ಅಂತ ಅಣ್ಣನಿಗೆ ಅವತ್ತೇ ಹೇಳಿದ್ದೆ. ಕ್ಲಚ್ ಆಯ್ತು, ಕೀಲು ಆಯ್ತು, ಈಗ ಆಕ್ಸಲ್ಲೂ ಮುರ್ದ್ಬುಟ್ಲು. ನಾಳೆಯಿಂದ ಡ್ರೈವರ್ ಇಡ್ತೀನಿ. ಸಾಕು."

ಅಪ್ಪ ನನ್ನ ಕಡೆ ತಿರುಗದೆ ಇಳಿದು ಅಕ್ಕನ ಬೆರಳು ನೋಡಲು ಹೋದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮೂರು ದಿನ ಮನೆಯಲ್ಲಿದ್ದೆ. ಹೆಂಗಸರು ಬುತ್ತಿ ಹಿಡಿದು ಏರನ್ನು ನಡೆದೇ ಹತ್ತಿದರು, ಮೂಟೆಗಳು ತಲೆಯ ಮೇಲೆ ಇಳಿದವು. ಅವ್ವ ಒಲೆಯ ಮುಂದೆ ನನ್ನ ಜಾಗ ಖಾಲಿಯೇ ಇದೆ ಎನ್ನುವಂತೆ ನೋಡಿದಳು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟೋರಿನಲ್ಲಿ ಖಾಲಿ ಚೀಲಗಳ ಮೇಲೆ ಕೂತು ಚೆನ್ನಾಗಿ ಅತ್ತೆ. ಅಳುವಾಗ ಎದುರಿಗೆ ಕಂಡದ್ದು ಹಳೆಯ ನಾಲ್ಕು ಚಕ್ರ, ಅದರ ಪಕ್ಕದ ಗೂಟದಲ್ಲಿ ತೂಗುಹಾಕಿದ್ದ ಹಗ್ಗ. ಕಾಫಿ ಗಿಡ ನೆಡುವಾಗ ಗುಂಡಿಗಳ ಅಂತರ ಗುರುತಿಸಲು ಆರಾರು ಅಡಿಗೆ ಒಂದೊಂದು ಗಂಟು ಹಾಕಿದ ಹಗ್ಗ ಅದು. ನೆಲ ಡೊಂಕು ಅಂದಳಂತೆ ಅಲ್ಲವಾ? ಡೊಂಕೋ ನೆಟ್ಟಗೋ, ಅಳೆದೇ ಬಿಡೋಣ ಅನ್ನಿಸಿತು.

ನಾಲ್ಕನೇ ದಿನ ಮೆಕ್ಯಾನಿಕ್ಕು ಹೊಸ ಆಕ್ಸಲ್ ಹಾಕಲು ಬಂದ. ಜೀಪನ್ನು ಕಣದ ಪಕ್ಕಕ್ಕೆ ಎಳೆದು ತಂದು ನಿಲ್ಲಿಸಿದ್ದರು. ಹಿಂದಿನ ಒಂದು ದೊಡ್ಡ ಚಕ್ರ ಬಿಚ್ಚಿಟ್ಟಿತ್ತು. ಹೆಂಗಸರು ಜಗಲಿಯಲ್ಲಿ ಟೀ ಕುಡಿಯುತ್ತಿದ್ದರು, ಚಿಕ್ಕಪ್ಪ ಮೆಕ್ಯಾನಿಕ್ಕಿನ ತಲೆಯ ಮೇಲೆ ನಿಂತಿದ್ದರು. ನಾನು ಹೋಗಿ ಸ್ಟೆಪ್ನಿ ಬಿಚ್ಚಿದೆ. ಕಾಫಿ ಹರವಿರದ ಅಂಚಿನಲ್ಲಿ ಹಗ್ಗವನ್ನು ನೆಟ್ಟಗೆ ಎಳೆದು ಕಟ್ಟಿದೆ. ಎರಡೂ ಚಕ್ರಗಳಿಗೆ ಸುಣ್ಣದಲ್ಲಿ ಒಂದೊಂದು ಬೊಟ್ಟು ಇಟ್ಟೆ.

"ಏನೇ ಅದು, ಪೂಜೆನಾ?" ಅಂದರು ಚಿಕ್ಕಪ್ಪ.

"ನೆಲ ಅಳೀತಾ ಇದೀನಿ ಚಿಕ್ಕಪ್ಪ. ಬನ್ನಿ, ನೀವೇ ಎಣಿಸಿ. ನಾನು ಎಣಿಸಿದ್ರೆ ಹೆಂಗಸಿನ ಲೆಕ್ಕ ಅಂತೀರಿ."

ಸ್ಟೆಪ್ನಿಯನ್ನು ಹಗ್ಗದ ಪಕ್ಕ ಉರುಳಿಸಿದೆ. ಬೊಟ್ಟು ನೆಲಕ್ಕೆ ಬಂದಾಗಲೆಲ್ಲ ಹೆಂಗಸರು ಒಟ್ಟಾಗಿ ಎಣಿಸಿದರು, ಒಂದು, ಎರಡು, ಮೂರು. ಹತ್ತು ಸುತ್ತಿಗೆ ಹನ್ನೆರಡು ಗಂಟು ದಾಟಿ ಸ್ವಲ್ಪ ಮುಂದೆ ನಿಂತಿತು. ಅಲ್ಲೊಂದು ಕಡ್ಡಿ ನೆಟ್ಟೆ. ಆಮೇಲೆ ದೊಡ್ಡ ಚಕ್ರ. ಅದನ್ನು ಎತ್ತಿ ನಿಲ್ಲಿಸಲು ನನ್ನೊಬ್ಬಳಿಂದ ಆಗಲಿಲ್ಲ, ಅಕ್ಕ ಬಟ್ಟೆ ಸುತ್ತಿದ ಬೆರಳನ್ನು ಮೇಲಕ್ಕೆ ಹಿಡಿದುಕೊಂಡೇ ಇನ್ನೊಂದು ಕೈ ಕೊಟ್ಟಳು. "ಅಬ್ಬಾ, ಹೆಣದ ಭಾರ!" ಅಂದಳು. ಹತ್ತು ಸುತ್ತಿಗೆ ಅದು ಹೆಚ್ಚುಕಮ್ಮಿ ಹದಿನಾಲ್ಕನೇ ಗಂಟಿಗೆ ಹೋಗಿ ನಿಂತಿತು. ಮೊದಲ ಕಡ್ಡಿಗೂ ಅದಕ್ಕೂ ನಡುವೆ ಒಂದೂವರೆ ಕಾಫಿ ಗುಂಡಿಯ ಅಂತರ. ಗುಂಡಿಯ ಅಂತರ ಎಂದರೆ ಎಷ್ಟೆಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಂಜಿನ್ ಅದೇ, ಗೇರ್ ಅದೇ," ಎಂದೆ. "ಮೊದ್ಲು ಹತ್ತು ಸುತ್ತಿಗೆ ಇಲ್ಲಿಗೆ ನೂಕ್ತಿತ್ತು. ಈಗ ಅದೇ ಹತ್ತು ಸುತ್ತಿಗೆ ಅಲ್ಲಿಗಂಟ ನೂಕು ಅಂತೀರಿ, ಅದೂ ಹನ್ನೊಂದು ಜನ ಕೂತ್ಕಂಡು, ಏರಿನಲ್ಲಿ. ಅದಕ್ಕೇ ಕ್ಲಚ್ ಉಜ್ಜಬೇಕು, ಉಜ್ಜಿದ್ರೆ ಸುಡ್ತದೆ. ಉಜ್ಜದೆ ಒದ್ದು ಎಬ್ಬಿಸಿದ್ರೆ ಆ ಏಟು ಆಕ್ಸಲ್ಲಿಗೆ ಬೀಳ್ತದೆ. ಚಕ್ರದ ಭಾರ ಬೇರೆ."

"ಹಲ್ಲು ದೊಡ್ಡದು ಕಣೆ. ನೆಲ ಕಚ್ಚಿ ಹಿಡೀತದೆ," ಅಂದರು ಚಿಕ್ಕಪ್ಪ. ದನಿ ಸ್ವಲ್ಪ ಇಳಿದಿತ್ತು.

"ಅದೇ ಆಗಿದ್ದು! ಹಳೇದು ಏಟು ಬಿದ್ರೆ ಒಂಚೂರು ಜಾರ್ತಿತ್ತು, ಏಟು ಮಣ್ಣಿಗೆ ಹೋಗ್ತಿತ್ತು. ಇದು ಜಾರಲ್ಲ. ಇದು ಜಾರದಿದ್ರೆ ಇನ್ನೇನೋ ಮುರೀಲೇಬೇಕು."

ಎಲ್ಲರೂ ಮೆಕ್ಯಾನಿಕ್ಕಿನ ಕಡೆ ನೋಡಿದರು. ಅವನು ಜೀಪಿನ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ, "ಮೇಡಂ ಹೇಳೋದು ಸರಿ ಸಾರ್. ಒಂದನೇ ಗೇರ್ ಹಾಕಿದ್ರೂ ಒಂದೂವರೆ ಗೇರ್ ಹಾಕ್ದಂಗೆ ಆಯ್ತದೆ" ಅಂದ.

"ಗೊತ್ತಿದ್ರೆ ಮೊದ್ಲೇ ಯಾಕಯ್ಯ ಹೇಳ್ಲಿಲ್ಲ?" ಎಂದು ಚಿಕ್ಕಪ್ಪ ಗದರಿದರು.

"ನೀವು ಟೈರ್ ಹಾಕು ಅಂದ್ರಿ, ಹಾಕ್ದೆ. ಹಾಕ್ಬೋದಾ ಅಂತ ಕೇಳ್ಲಿಲ್ವಲ್ಲ ಸಾರ್." ತಲೆ ಮತ್ತೆ ಒಳಗೆ ಹೋಯಿತು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವಂತೆ ಚಿಕ್ಕಪ್ಪ, "ಮಳೆಗಾಲಕ್ಕೆ ಅಂತ ತಂದಿದ್ದೆ. ಬೇಸಿಗೆಗೆ ಹಳೇದೇ ಇರ್ಲಿ" ಎಂದು ಹೇಳಿ ಒಳಗೆ ಹೋದರು. ಹಳೆಯ ಚಕ್ರಗಳು ಸ್ಟೋರಿನಿಂದ ಹೊರಗೆ ಬಂದವು. ಕೀ ನಾಳೆ ಬೆಳಿಗ್ಗೆ ನನ್ನ ಕೈಗೆ ಬರುತ್ತದೆ ಎಂದು ಅವ್ವನೇ ಸುದ್ದಿ ತಂದಳು. ನಾನು ಅವತ್ತು ನೆಲದ ಮೇಲೆ ನಡೆಯಲಿಲ್ಲ.

ಸಂಜೆ ಅಪ್ಪನೂ ನಾನೂ ಕಣದಲ್ಲಿ ಒಣಗಿದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದೆವು. ಅಪ್ಪ ಕೈಯಲ್ಲಿದ್ದ ಹಲಗೆಯನ್ನು ನಿಲ್ಲಿಸಿ, ನನ್ನ ಕಡೆ ನೋಡದೆ ಕೇಳಿದರು.

"ಟೈರಿನ ಲೆಕ್ಕ ಸರಿಯಾಗಿ ಒಪ್ಪಿಸ್ದೆ ಮಗಾ. ಕಾಲಿನ ಲೆಕ್ಕ ಯಾಕೆ ಒಪ್ಪಿಸ್ಲಿಲ್ಲ?"

ನಾನು ಕಾಫಿ ಎಳೆಯುತ್ತಲೇ ಇದ್ದೆ.

"ನಂಗೆ ಕಣ್ಣು ಕಾಣಲ್ಲ. ಕಿವಿ ಕೇಳ್ತದೆ. ಅವತ್ತು ನೀನು ಕಾಲು ಎತ್ತಿದ್ದಲ್ಲ, ಕಿತ್ತಿದ್ದು. ಯಾರ ಮೇಲೋ ಸಿಟ್ಟು, ಗಾಡಿ ಮೇಲೆ ತೀರಿಸ್ಕಂಡೆ."

"ಚಿಕ್ಕಪ್ಪ ಅಂಗಂದಿದ್ದು ನೀವೂ ಕೇಳಿಸ್ಕಂಡ್ರಲ್ಲ," ಎಂದೆ.

"ಕೇಳಿಸ್ಕಂಡೆ. ಅವಳ ಉಗುರು ಹೋಗಿದ್ದೂ ನೋಡ್ದೆ. ಅಷ್ಟು ಕಾಣ್ತದೆ ನಂಗೆ," ಎಂದು ಮತ್ತೆ ಕಾಫಿ ಎಳೆಯತೊಡಗಿದರು.

ಅಷ್ಟೇ. ಬೈದಿದ್ದರೆ ನಾನೂ ಬೈಯಬಹುದಿತ್ತು. ಗೆದ್ದೆನೆಂದು ಬೀಗುತ್ತಿದ್ದವಳಿಗೆ ಊಟ ಸೇರಲಿಲ್ಲ. ಚಕ್ರದ ತಪ್ಪು ನಿಜವೇ, ಅದರಲ್ಲಿ ಒಂದು ಗಂಟೂ ಸುಳ್ಳಿಲ್ಲ. ಆದರೆ ಹಳೆಯ ಚಕ್ರ ಇದ್ದಾಗ ಯಾವ ಗಂಡಸರ ಆಟವನ್ನು ನೋಡಿ ನಗುತ್ತಿದ್ದೆನೋ, ಅದೇ ಆಟವನ್ನು ಹೊಸ ಚಕ್ರದ ಮೇಲೆ ಕೂತು ನಾನೂ ಆಡಿದ್ದೆ. ಬಾಯಿ ಬಿಟ್ಟರೆ ಕೀ ಹೋಗುತ್ತದೆ. ಬಿಡದಿದ್ದರೆ ಕಲ್ಲು ಕೊಡುವ ಅಕ್ಕನ ಮುಖವನ್ನು ದಿನಾ ಜೀಪಿನ ಕನ್ನಡಿಯಲ್ಲಿ ನೋಡಬೇಕು. ಬೆಳಗಾಗುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು, ಈ ಸಲ ಹೆದರುತ್ತಿದ್ದ ನನ್ನ ಮೇಲೆಯೇ.

ಬೆಳಿಗ್ಗೆ ಹೆಂಗಸರು ಜೀಪು ಹತ್ತಿ ಕೂತಿದ್ದರು. ರಾತ್ರಿ ನಮ್ಮಲ್ಲೇ ಉಳಿದಿದ್ದ ಮೆಕ್ಯಾನಿಕ್ಕು ನಟ್ಟುಗಳನ್ನು ಕೊನೆಯ ಸಲ ಬಿಗಿದು ಬಸ್ಸಿಗೆ ಹೊರಟಿದ್ದ. ಚಿಕ್ಕಪ್ಪ ಕೀ ಹಿಡಿದು ಕೈ ಚಾಚಿದರು.

"ಚಿಕ್ಕಪ್ಪ, ಒಂದು ಮಾತು," ಎಂದೆ. ಹಿಂದೆ ಕೂತವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಅವತ್ತು ನಾನು ಬೇಕಂತಲೇ ಕ್ಲಚ್ ಒದ್ದು ಬಿಟ್ಟೆ. ನಿಮ್ಮ ಮಾತಿಗೆ ಸಿಟ್ಟು ಬಂದಿತ್ತು. ಕಲ್ಲು ಕೇಳಿದ್ರೆ ಅವತ್ತು ಆಕ್ಸಲ್ ಉಳೀತಿತ್ತು, ಅಕ್ಕನ ಉಗುರೂ ಉಳೀತಿತ್ತು. ಅರ್ಧ ತಪ್ಪು ಟೈರಿಂದು, ಅರ್ಧ ನಂದು."

ಚಾಚಿದ ಕೈ ಹಿಂದಕ್ಕೆ ಹೋಯಿತು. "ನೋಡ್ದಾ! ನೀನೇ ಒಪ್ಕಂಡೆ. ಅಂಗಾದ್ರೆ ಕೀ ನನ್ನತ್ರಾನೇ ಇರ್ಲಿ."

"ಯಾಕೆ ಇರ್ಬೇಕು?" ಎಂದೆ. ಇಷ್ಟು ಜೋರಾಗಿ ನಾನು ಹಿರಿಯರ ಮುಂದೆ ಮಾತಾಡಿದ್ದು ಅದೇ ಮೊದಲು. "ತಪ್ಪು ಮಾಡ್ದೋರೆಲ್ಲ ಕೈಲಿರೋದನ್ನ ಕೊಡ್ಬೇಕು ಅಂದ್ರೆ, ಟೈರ್ ತಂದ ನೀವು ಜೀಪಿನ ಪಾಲು ಕೊಡಿ. ಹಾಕ್ದೋರು ಸ್ಪ್ಯಾನರ್ ಕೊಡ್ಲಿ. ಆಮೇಲೆ ಎಲ್ರೂ ಸೇರಿ ನಡ್ಕಂಡೇ ಏರು ಹತ್ತಾನ. ಕ್ಲಚ್ ಸುಟ್ಟ ಗಂಡಸ್ರು ಈ ಸೀಮೆಲಿ ಎಷ್ಟು ಜನ ಇಲ್ಲ? ಯಾರ ಕೈಯಿಂದ ಯಾರು ಕೀ ಕಿತ್ಕಂಡ್ರು? ನಾನು ತಪ್ಪು ಮಾಡ್ದೆ, ಹೇಳ್ದೆ. ಇನ್ಮೇಲೆ ಮಾಡಲ್ಲ. ಗಾಡಿ ಮಾತ್ರ ನಾನೇ ಓಡಿಸ್ತೀನಿ."

ಅಪ್ಪ ಮುಂದಿನ ಸೀಟಿನಿಂದ ಇಳಿದು ಜಗಲಿಯ ಕಡೆ ನಡೆದರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡುವುದು ಬೇಕಾಗಿಲ್ಲ ಎಂದು ಅವರಿಗೆ ಅನ್ನಿಸಿತ್ತು ಎಂದು ಈಗ ಅಂದುಕೊಳ್ಳುತ್ತೇನೆ. ಹಿಂದಿನಿಂದ ಅಕ್ಕನ ದನಿ ಬಂತು.

"ಉಗುರು ನಂದು ಸಾಮಿ. ಅದು ಮತ್ತೆ ಬೆಳೀತದೆ. ಮೂರು ದಿನ ಮೂಟೆ ಹೊತ್ತು ಕತ್ತು ಬಿದ್ದೋಗೈತೆ. ಕೀ ಕೊಡಿ ಅತ್ಲಾಗೆ."

ಹೆಂಗಸರು ನಕ್ಕರು. ಚಿಕ್ಕಪ್ಪ ಕೀಯನ್ನು ಬಾನೆಟ್ಟಿನ ಮೇಲೆ ಇಟ್ಟು, "ನಾನೂ ಬತ್ತೀನಿ. ಅದೆಂಗೆ ಓಡಿಸ್ತೀಯೋ ನೋಡೇಬುಡ್ತೀನಿ" ಎಂದು ಅಪ್ಪ ಖಾಲಿ ಮಾಡಿದ ಜಾಗದಲ್ಲಿ ಕೂತರು.

ಉಣುಗೋಲಿನಲ್ಲಿ ನಿಲ್ಲಿಸಿದೆ. ಮುಂದೆ ಒಬ್ಬಳು ಇಳಿದು ಗಳು ಸರಿಸಿದಳು. ಹಿಂದೆ ಅಕ್ಕ ಇಳಿಯುವ ಸದ್ದಾಯಿತು.

"ನೀನು ಕೂತ್ಕೊ ಅಕ್ಕ, ನಿನ್ನ ಬೆರಳು ಮಾಯ್ಲಿ," ಎಂದೆ. "ಚಿಕ್ಕಪ್ಪ, ಕಲ್ಲು ಕೊಡಿ."

ಅವರು ನನ್ನ ಮುಖ ನೋಡಿದರು. ನಾನು ದಾರಿ ನೋಡಿದೆ, ಬ್ರೇಕಿನ ಮೇಲಿನ ಕಾಲು ಕದಲಿಸಲಿಲ್ಲ. ಬೇಕಾದರೆ ಸಂಜೆಯವರೆಗೂ ಹಾಗೇ ಕೂರಲು ತಯಾರಿದ್ದೆ. ಕೊನೆಗೆ ಬಾಗಿಲು ತೆರೆದ ಸದ್ದು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಆ ಕಲ್ಲನ್ನು ಎರಡು ಕೈಯಲ್ಲಿ ಹೊತ್ತು ತಂದು ಹಿಂಚಕ್ರಕ್ಕೆ ಒತ್ತರಿಸಿ ಇಟ್ಟರು.

"ಕೂತೈತಾ?" ಎಂದು ಕೂಗಿದೆ.

"ಕೂತೈತೆ, ಹೋಗು."

ಕಾಲಿನಲ್ಲಿ ಕೇಳಿಸಿಕೊಳ್ಳುತ್ತಾ ಕ್ಲಚ್ ಬಿಟ್ಟೆ. ಹಳೆಯ ಚಕ್ರ ಹಳೆಯ ಹೆಜ್ಜೆಯನ್ನೇ ಇಟ್ಟಿತು. ಜೀಪು ಎದ್ದು ಹೊರಟಿತು, ಕುಪ್ಪಳಿಸಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಕಲ್ಲು ಕೊಟ್ಟವರನ್ನು ಹತ್ತಿಸಿಕೊಳ್ಳಲು ಏರಿನಲ್ಲಿ ಯಾರೂ ನಿಲ್ಲಿಸುವುದಿಲ್ಲ. ಕನ್ನಡಿಯಲ್ಲಿ ಚಿಕ್ಕಪ್ಪ ಪಂಚೆ ಹಿಡಿದುಕೊಂಡು ನಡೆದು ಬರುವುದು ಕಾಣುತ್ತಿತ್ತು.

ಮೇಲೆ ಎಂಜಿನ್ ಆರಿಸದೆ ಕಾದೆ. ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದು, ಜೀಪಿನ ಅಡಿಗೆ ಬಗ್ಗಿ ಮೂಗು ಎಳೆದು ನೋಡಿದರು. ಇನ್ನೊಂದು ಸಲ ಎಳೆದು ನೋಡಿದರು.

"ವಾಸನೆ ಬರ್ಲಿಲ್ಲ ಕಣೆ," ಅಂದರು.

"ಬರಲ್ಲ ಚಿಕ್ಕಪ್ಪ," ಎಂದೆ. "ಹತ್ತಿ."